ಪರದೆಯ ಹಿಂದೆ ಕೂತ ಡ್ರಮ್ಮರ್

ಎಂಬತ್ತರ ದಶಕದ ಕೊನೆಯಲ್ಲಿ ಹಿಂದೂಪುರದ ಐವರು ಹೆಂಗಸರು ಸೇರಿ ಒಂದು ಆರ್ಕೆಸ್ಟ್ರಾ ಕಟ್ಟಿದ್ದರು. ಡ್ರಮ್ಸ್ ಬಾರಿಸುತ್ತಿದ್ದವಳು ನನ್ನ ಅಕ್ಕ. ಹುಣಸೆ ಮಂಡಿಯಲ್ಲಿ ಹಣ್ಣು ಕುಟ್ಟಿ ಬೀಜ ಬಿಡಿಸಿ ಗಟ್ಟಿಯಾದ ಕೈ ಅವಳದು. ಸಿನಿಮಾ ಹಾಡುಗಳನ್ನು ಅವಳು ದುಪ್ಪಟ್ಟು ವೇಗದಲ್ಲಿ ಎತ್ತಿಕೊಂಡರೆ ಉಳಿದವರು ಏದುಸಿರು ಬಿಡುತ್ತ ಹಿಂದೆ ಓಡಬೇಕಿತ್ತು. ಶ್ರುತಿ ಅಷ್ಟಕ್ಕಷ್ಟೆ. ಗದ್ದಲಕ್ಕೆ ಬರವಿರಲಿಲ್ಲ.

ನಾನು ಅನೌನ್ಸರ್. ಬೆಂಗಳೂರಿನಲ್ಲಿ ಎಂ.ಎ. ಮುಗಿಸಿ ಬಂದು, ಕಂಡದ್ದನ್ನೆಲ್ಲ ಪ್ರಶ್ನಿಸುವುದೇ ಒಂದು ಉದ್ಯೋಗ ಎಂದುಕೊಂಡಿದ್ದೆ. ಹೆಂಗಸರ ಆರ್ಕೆಸ್ಟ್ರಾ ಆದರೂ ವೇದಿಕೆಯ ಮೇಲೆ ಗಂಡಸೊಬ್ಬ ಇರಲೇಬೇಕೆಂಬ ಪದ್ಧತಿಯನ್ನು ಮಾತ್ರ ಪ್ರಶ್ನಿಸಲಿಲ್ಲ. ಆ ಗಂಡಸು ನಾನೇ ಆಗಿದ್ದೆನಲ್ಲ.

ಕಲ್ಯಾಣದುರ್ಗದ ಗಣೇಶನ ಪೆಂಡಾಲಿಗೆ ಕರೆ ಬಂತು. ಬಸ್ಸಿಳಿದ ಕೂಡಲೇ ಕಮಿಟಿಯ ಅಧ್ಯಕ್ಷ ನನ್ನನ್ನು ಬದಿಗೆ ಕರೆದ.

"ಆಡೋಳ್ಳಕಿ ಡ್ರಮ್ಸ್ ಎಕ್ಕಡ ವಸ್ತುಂದಿ ಸಾರ್!" ಹೆಂಗಸರಿಗೆ ಅದೆಲ್ಲಿ ಬಂದೀತು ಎಂದು ತೆಲುಗಿನಲ್ಲಿ ತೀರ್ಪು ಕೊಟ್ಟವನು ಕನ್ನಡಕ್ಕೆ ಹೊರಳಿದ. "ಮಧ್ಯದಾಗೆ ಕೈ ಸೋತ್ರೆ ನಮ್ ಪೆಂಡಾಲಿನ ಮರ್ವಾದೆ ಏನಾಗ್ಬೇಕು? ನಮ್ಮೂರ ಬ್ಯಾಂಡ್ ಸೆಟ್ಟಿನೋನ್ನ ಪರ್ದೆ ಹಿಂದೆ ಕೂರುಸ್ತೀನಿ. ಮೈಕು ಅವನ್ ಕಡೆ ಇರ್ಲಿ. ಅಕ್ಕಯ್ಯನೋರು ಮುಂದೆ ಸುಮ್ಕೆ ಕೈ ಆಡುಸ್ಲಿ, ನೋಡಕ್ ಚೆಂದ."

"ಆಗ್ಲಿ. ಅವ್ರಿಗೆ ಗೊತ್ತಾಗ್ಬಾರ್ದು," ಎಂದೆ. ಹಾಗೆಂದೆನೆಂದೇ ನನ್ನ ನೆನಪು. ಬರೀ ತಲೆಯಾಡಿಸಿದ್ದರೂ ಆಡಿಸಿರಬಹುದು. ಅದರಿಂದ ಪಾಪವೇನೂ ಕಡಿಮೆಯಾಗುವುದಿಲ್ಲ.

ಸಂಜೆ ಮೊದಲೆರಡು ಹಾಡು ಮುಗಿಯುವವರೆಗೆ ಅಕ್ಕನಿಗೆ ಏನೂ ತಿಳಿಯಲಿಲ್ಲ. ಅವಳ ಕಿವಿಗೆ ಬೀಳುತ್ತಿದ್ದದ್ದು ಅವಳದೇ ಏಟು. ಮೂರನೆಯ ಹಾಡಿನ ನಡುವೆ ಕೋಲೊಂದು ಮುರಿಯಿತು, ಅಥವಾ ಜಾರಿತು. ಇನ್ನೊಂದನ್ನು ತೆಗೆಯಲು ಅವಳು ಬಗ್ಗಿದಳು. ಡ್ರಮ್ಸ್ ಸದ್ದು ನಿಲ್ಲಲಿಲ್ಲ. ಪರದೆಯ ಹಿಂದಿನ ಮಹಾಶಯ ಮದುವೆ ಮೆರವಣಿಗೆಯ ಹುರುಪಿನಲ್ಲಿ ಬಾರಿಸುತ್ತಲೇ ಇದ್ದ.

"ಟೇಪು ಕಣ್ರಲಾ, ಟೇಪು!" ಮುಂದಿನ ಸಾಲಿನವನೊಬ್ಬ ಕೂಗಿದ. "ಬಳೆ ತೊಟ್ಟ ಕೈನಾಗೆ ಇಷ್ಟ್ ಸದ್ದು ಬತ್ತದಾ ಅಂತ ನಾನಾಗ್ಲೇ ಅಂದಿಲ್ವಾ?"

ಪೆಂಡಾಲಿಗೆ ಪೆಂಡಾಲೇ ನಕ್ಕಿತು. ಮೋಸಹೋದ ಸಿಟ್ಟು ಯಾವ ಮುಖದಲ್ಲೂ ಇರಲಿಲ್ಲ. ತಮ್ಮ ಅನುಮಾನ ನಿಜವಾದದ್ದಕ್ಕೆ ಹಬ್ಬವೇ ಬಂದಂತಿತ್ತು. ಅಕ್ಕ ಎದ್ದು ಪರದೆ ಸರಿಸಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಹೇಳ್ಲಾ. ಇವ್ನ್ಯಾಕಿಲ್ಲಿ ಅವ್ನೆ ಅಂತ ಮೈಕ್ನಾಗೆ ಹೇಳು."

ಇಡೀ ಊರಿನ ಮುಂದೆ ಅವಳ ಹೆಸರು ಉಳಿಸಲು ಒಂದು ವಾಕ್ಯ ಸಾಕಿತ್ತು. ನಾನು ಮೈಕಿನಲ್ಲಿ, "ತಾಂತ್ರಿಕ ಅಡಚಣೆಗಾಗಿ ವಿಷಾದಿಸುತ್ತೇವೆ," ಎಂದೆ. ಎಷ್ಟು ಶುದ್ಧ ಕನ್ನಡ!

ಅವಳು ಮೈಕನ್ನು ನನ್ನ ಕೈಯಿಂದ ಕಿತ್ತುಕೊಂಡು, ಸ್ಟ್ಯಾಂಡಿಗೆ ಸಿಕ್ಕಿಸಿ, ತನ್ನ ಡ್ರಮ್ಮಿನ ಮಗ್ಗುಲಿಗೆಳೆದು ಅದೇ ಹಾಡನ್ನು ಮೊದಲಿನಿಂದ ಬಾರಿಸಿದಳು. ಜನ ಬೆಕ್ಕಸಬೆರಗಾಗಿ ಕೂತರೆಂದು ನಾನು ವರ್ಷಗಟ್ಟಲೆ ಹೇಳಿಕೊಂಡು ಬಂದೆ. ಅಕ್ಕನ ಪ್ರಕಾರ ಹಾಗೇನೂ ಆಗಲಿಲ್ಲ. ಅರ್ಧಕ್ಕರ್ಧ ಜನ ನಗುತ್ತಲೇ ಎದ್ದು ಹೋದರು. "ಹೋಗೋರ್ ಹೋಗ್ಲಿ ಅಂತ ಹೊಡ್ದೆ ಕಣಪ್ಪ," ಎನ್ನುತ್ತಾಳೆ. ಅವಳ ಮಾತೇ ನಿಜವಿರಬೇಕು. ಬೆರಗು ನನಗೆ ಬೇಕಾಗಿತ್ತು, ಅವಳಿಗಲ್ಲ.

ಮರುದಿನ ಹಿಂದೂಪುರದ ಬಸ್ಸಿನಲ್ಲಿ ಅವಳು ಕಿಟಕಿಯಿಂದ ಮುಖ ತಿರುಗಿಸದೆ, "ಮುಂದಿನ್ ಚಿಲಮತ್ತೂರ್ ಪ್ರೋಗ್ರಾಮಿಗೆ ನೀನ್ ಬರ್‌ಬ್ಯಾಡ," ಎಂದಳು.

"ಯಾಕಕ್ಕಾ?" ಎಂದೆ. ಅದನ್ನೂ ಕೇಳಿದೆ ನೋಡಿ.

"ನಮ್ ಹೆಸ್ರು ನಾವೇ ಹೇಳ್ಕಂತೀವಿ."

ಚಿಲಮತ್ತೂರಿಗೆ ಅವರು ಐವರೇ ಹೋದರು.