ಶೋಕಸಭೆಗೆ ಮುಡಿಯುವ ಹೂವು

ಶೋಕಕ್ಕೂ ಶೋಕಿಗೂ ನಡುವೆ ಇರುವುದು ಒಂದು ಗುಡಿಸು ಮಾತ್ರ. ಕಾಗುಣಿತದಲ್ಲಿ ಇಷ್ಟು ಹತ್ತಿರದ ಈ ಪದಗಳನ್ನು ಬಾಳಿನಲ್ಲಿ ದೂರ ಇಡುವುದು ಎಷ್ಟು ಕಷ್ಟವೆಂಬುದು, ಸಂತಾಪಸಭೆಗೆಂದು ಕಪಾಟಿನ ಮುಂದೆ ನಿಂತು ಸೀರೆ ಆರಿಸಿದ ಪ್ರತಿ ಹೆಂಗಸಿಗೂ ಗೊತ್ತು. ಹಳತನ್ನು ಉಟ್ಟರೆ ಸತ್ತವರಿಗೆ ಅಗೌರವ. ಹೊಸತನ್ನು ಉಟ್ಟರೆ ಬದುಕಿರುವವರ ಕಣ್ಣು.

ಅರವತ್ತರ ದಶಕದ ಮೊದಲಲ್ಲಿ ನಮ್ಮೂರಿನ ನಾಯಕರು ತೀರಿಕೊಂಡಾಗ, ಜೆಪ್ಪುವಿನ ನಮ್ಮ ಮಹಿಳಾ ಸಮಾಜದ ಎದುರು ಬಂದು ನಿಂತದ್ದು ಇದೇ ಪ್ರಶ್ನೆ. ದೊಡ್ಡ ಮನುಷ್ಯರು ಅವರು. ಬಂದರಿನ ಸಾಹುಕಾರರು ಅಂಗಡಿಗೆ ಹಲಗೆ ಹಾಕಿ, ತಮ್ಮ ಮೂಟೆ ಹೊರುವವರ ಜೊತೆಗೇ ಅವರ ಹಿಂದೆ ಕೊನೆಯ ಬಾರಿ ನಡೆದಿದ್ದರು. ಅವರ ತ್ಯಾಗವನ್ನು ಎಲ್ಲರೂ ಕೊಂಡಾಡುವಾಗ ನನಗೆ ಕಾಣಿಸುತ್ತಿದ್ದುದು ಅವರ ಖಾದಿ ಜುಬ್ಬದಲ್ಲಿ ಎಂದೂ ಇಲ್ಲದ ಮೇಲಿನ ಗುಂಡಿ. ಇದು ದೃಷ್ಟಿದೋಷವೇ ಇರಬೇಕು.

ಒಮ್ಮೆ ನಮ್ಮ ವಾರ್ಷಿಕೋತ್ಸವದಲ್ಲಿ ಅವರು, ಗಂಡ ಸತ್ತ ಮಾತ್ರಕ್ಕೆ ಹೆಂಗಸಿನ ತಲೆಯ ಹೂವು ಕೀಳುವ ಹಕ್ಕು ಯಾರಿಗುಂಟು ಎಂದು ಕೇಳಿದ್ದರು. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಪಕ್ಕದಲ್ಲಿದ್ದ ನನ್ನ ಅತ್ತೆಯೂ ತಟ್ಟಿ, ಆಮೇಲೆ ನನ್ನ ಕಿವಿಯಲ್ಲಿ, "ಚಪ್ಪಾಳೆಗೆ ಎಂತ ಖರ್ಚು ಮಾರಾಯ್ತಿ? ಅವರವರ ಮನೆಗೆ ಬಂದಾಗ ನೋಡುವ" ಎಂದಿದ್ದರು.

ಕಾನ್ವೆಂಟಿನಲ್ಲಿ ಕಲಿತವಳೆಂಬ ಒಂದೇ ಕಾರಣಕ್ಕೆ, ಚಮಚದ ಸ್ಥಾನ, ಪತ್ರದ ಒಕ್ಕಣೆ, ದುಃಖದ ಉಡುಪು ಇತ್ಯಾದಿ ಗಹನ ವಿಷಯಗಳಲ್ಲಿ ಸಮಿತಿಗೆ ನಾನೇ ಪ್ರಮಾಣ. ಸಿಸ್ಟರುಗಳ ಗಾಂಭೀರ್ಯವನ್ನು ನೆನೆದು, ಎಲ್ಲರಿಗೂ ಬಿಳಿ ಸೀರೆ, ಹೂವು ಬೇಡ ಎಂದೆ. ಸರ್ವಾನುಮತದಿಂದ ಅಂಗೀಕಾರವಾಯಿತು. ಅತ್ತೆಯೊಬ್ಬರನ್ನು ಬಿಟ್ಟು.

"ಗಂಡ ಇರುವವರು ಬೋಳುತಲೆಯಲ್ಲಿ ಹೊರಗೆ ಹೋಗುವುದಾ? ಎಂತ ನಿನ್ನ ಇಂಗ್ಲಿಷ್ ಶೋಕ!"

ಗೊಣಗುತ್ತಲೇ ಬಂದರು, ಬರಿಯ ತುರುಬಿನಲ್ಲಿ.

ಸಭಾಂಗಣ ಬಣ್ಣದಲ್ಲಿ ಅದ್ದಲು ಮರೆತ ಬಟ್ಟೆಯಂತೆ ಬೆಳ್ಳಗಿತ್ತು. ನಾಯಕರ ಭಾವಚಿತ್ರಕ್ಕೆ ಹಾರ ಹಾಕಿ ಕಾಯುತ್ತಿದ್ದಾಗ ಅವರ ಹೆಂಡತಿ ಸುಮತಿಯಕ್ಕ ಬಾಗಿಲಿಗೆ ಬಂದರು. ಉಟ್ಟಿದ್ದುದು ದಿನನಿತ್ಯದ ಹಸಿರು ಸೀರೆ, ಜಡೆಯಲ್ಲಿ ಮಲ್ಲಿಗೆ. ಒಂದು ಕೈ ಬಾಗಿಲಪಟ್ಟಿಯನ್ನು ಬಿಗಿಯಾಗಿ ಹಿಡಿದಿತ್ತು. ಪಿಸುಮಾತಿಗೆ, ಓರೆನೋಟಕ್ಕೆ ಅವರು ಸಿದ್ಧರಾಗಿಯೇ ಹೊರಟಿರಬೇಕು. ಇಂಥ ನೋಟಕ್ಕೆ ಅಲ್ಲ. ಮುತ್ತೈದೆಯರೆಲ್ಲ ಬಿಳಿಯಲ್ಲಿ, ಹೂವಿಲ್ಲದೆ ಕೂತಿದ್ದೇವೆ. ಹೂವು ಮುಡಿದ ತಲೆ ಸಭೆಯಲ್ಲಿ ವಿಧವೆಯದೊಂದೇ.

ಅವರು ಸಾಲುಸಾಲಾಗಿ ನಮ್ಮನ್ನು ನೋಡಿದರು.

"ಎಂತ ಇದು? ಗಂಡ ಹೋದದ್ದು ನನಗಲ್ವಾ? ನಿಮಗೆಲ್ಲ ಎಂತ ಆಯ್ತು?"

ನಗಲು ಧೈರ್ಯವಾಗಲಿಲ್ಲ, ಅಳುವ ಮಾತೂ ಅದಾಗಿರಲಿಲ್ಲ. ಅವರು ಮುಂದಿನ ಸಾಲಿಗೆ ಬಂದು ಕೂತರು. ಪಕ್ಕದವರು ಜಾಗ ಮಾಡಿಕೊಡುವ ನೆಪದಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ಸರಿದರು. ಒಂದು ಕುರ್ಚಿ ಖಾಲಿಯೇ ಉಳಿಯಿತು. ಸುಮತಿಯಕ್ಕನ ಕೈ ಮೆಲ್ಲನೆ ಹಿಂದಕ್ಕೆ ಹೋಗಿ ಹೂವನ್ನು ಮುಟ್ಟಿತು. ಆ ಕೈ ಅದನ್ನು ಕಿತ್ತರೆ, ಸತ್ತವರು ಅಷ್ಟು ವೇದಿಕೆಗಳಲ್ಲಿ ಆಡಿದ ಮಾತಿಗೂ ಆ ದಿನವೇ ಸಂತಾಪ ಸೂಚಿಸಬೇಕಾಗುತ್ತಿತ್ತು. ಅದು ನನಗೂ ಗೊತ್ತಿತ್ತು, ಸರಿದು ಕೂತವರಿಗೂ. ಆದರೂ ಕಾನ್ವೆಂಟಿನ ನಯವೆಲ್ಲ ನನ್ನನ್ನು ಕುರ್ಚಿಗೆ ಅಂಟಿಸಿಯೇ ಇಟ್ಟಿತು.

ಎದ್ದವರು ಅತ್ತೆ. ಗಂಟುನೋವಿನ ಕಾಲನ್ನು ಎಳೆಯುತ್ತ ಹೋಗಿ ಆ ಖಾಲಿ ಕುರ್ಚಿಯಲ್ಲಿ ಕೂತರು. ಅವರ ನಾಲಗೆಯ ಪರಿಚಯವಿದ್ದ ನಾನು ಕಣ್ಣು ಮುಚ್ಚಿಕೊಂಡೆ.

"ಕೈ ತೆಗಿ ಸುಮತಿ. ಜಾರ್ತಾ ಉಂಟು."

ಕಣ್ಣು ತೆರೆದಾಗ ಅವರು ತಮ್ಮ ತುರುಬಿನಿಂದ ಒಂದು ಪಿನ್ನು ಎಳೆದು ಆ ಮಲ್ಲಿಗೆಗೆ ಸಿಕ್ಕಿಸುತ್ತಿದ್ದರು.

"ಹಾಂ. ಇನ್ನು ಬೀಳುವುದಿಲ್ಲ."

ಕಾರ್ಯದರ್ಶಿ ನಿರ್ಣಯ ಓದಲು ಎದ್ದರು. ಅಗಲಿದ ಚೇತನ, ತುಂಬಲಾರದ ನಷ್ಟ ಎಂದೆಲ್ಲ ನಾನೇ ಬರೆದುಕೊಟ್ಟಿದ್ದೆ. ಒಂದಕ್ಷರವೂ ಕಿವಿಗೆ ಬೀಳಲಿಲ್ಲ. ಪಿನ್ನು ಕಳೆದುಕೊಂಡ ಅತ್ತೆಯ ನರೆತ ಕೂದಲು ಅಷ್ಟರಲ್ಲಿ ಬಿಚ್ಚಿ ಬೆನ್ನ ಮೇಲೆ ಹರಡಿತ್ತು. ಮನೆಯಲ್ಲಿ ಸಾವಾದಾಗಲ್ಲದೆ ನಾಲ್ಕು ಜನರ ಮುಂದೆ ಹಾಗೆ ಕೂತವರಲ್ಲ ಅವರು. ಸಭೆ ಮುಗಿಯುವವರೆಗೂ ಕಟ್ಟಿಕೊಳ್ಳಲಿಲ್ಲ.