ಓಡ್ನಿಯ ಮಂಡಿನೋವು

ನಾರ್ವೆಯ ಕರಾವಳಿಯ ಸ್ಕಾರ್ವಿಕ್‌ನಲ್ಲಿ ಯಾರಿಗಾದರೂ ಸಿಟ್ಟು ಬಂದರೆ ಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ಕಾಫಿಯ ಜೊತೆ ಅದನ್ನೂ ನುಂಗುತ್ತಾರೆ. ಮರುದಿನ ಸಿಟ್ಟು ತರಿಸಿದ ಮನುಷ್ಯನೇ ಎದುರು ಸಿಕ್ಕರೆ, “ಗಾಳಿ ತಿರುಗಿತು ನೋಡು” ಅನ್ನುತ್ತಾರೆ. ಅಂಥ ಊರಿನಲ್ಲಿ ಬಾಯಿ ಬಿಟ್ಟು ಬೈಯುವವಳು ಓಡ್ನಿ ಒಬ್ಬಳೇ. ಮೀನಿನ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಮೀನಿನ ತಲೆ ಕಡಿದವಳು, ನಿವೃತ್ತಿಯಾದ ಮೇಲೆ ಕಡಿಯಲು ಮೀನು ಸಿಗದೆ ಮನುಷ್ಯರನ್ನು ಹಿಡಿದುಕೊಂಡಳು ಎಂದು ಊರವರು ಆಡಿಕೊಳ್ಳುತ್ತಿದ್ದರು. ಬೆನ್ನ ಹಿಂದೆ ಮಾತ್ರ. ಎದುರಿಗೆ ಬಂದರೆ ಗಾಳಿಯ ಮಾತೇ.

ಅವಳ ದೊಡ್ಡ ಶತ್ರು ಪ್ರವಾಸಿಗರ ಹಡಗು. ಬೇಸಿಗೆ ಬಂತೆಂದರೆ ಚರ್ಚಿನ ಗೋಪುರಕ್ಕಿಂತ ಎತ್ತರದ ಬಿಳೀ ಹಡಗುಗಳು ಬೆಟ್ಟಗಳ ನಡುವೆ ಚಾಚಿದ ಕಡಲತೋಳಾದ ಫ್ಯೋರ್ಡಿನೊಳಗೆ ನುಗ್ಗಿ, ಊರಿಗೆ ಬೀಳುವ ಚೂರುಪಾರು ಬಿಸಿಲನ್ನೂ ಅಡ್ಡಗಟ್ಟಿ ನಿಲ್ಲುತ್ತವೆ. ಹಳದಿ ಮಳೆಕೋಟು ತೊಟ್ಟ ಮಂದಿ ಇಳಿದು ಕಂಡ ಕಂಡ ತೋಟಕ್ಕೆ ಕಾಲಿಡುತ್ತಾರೆ, ಕಿಟಕಿಗೆ ಮೂಗು ಒತ್ತಿ ಒಳಗೆ ನೋಡುತ್ತಾರೆ, ಒಣಹಾಕಿದ ಒಳಚಡ್ಡಿಯ ಫೋಟೋ ಕೂಡ ಬಿಡುವುದಿಲ್ಲ. ಊರಿನವರು ಪರದೆ ಎಳೆದುಕೊಂಡು ಕೂರುತ್ತಿದ್ದರು. ಓಡ್ನಿ ಮಾತ್ರ ಪೊರಕೆ ಹಿಡಿದು ಹೊರಗೆ ಬರುತ್ತಿದ್ದಳು. ಹಳೇ ಹಾಸಿಗೆ ಬಟ್ಟೆಗಳನ್ನು ಹೊಲಿದು, ಕೆಂಪು ಬಣ್ಣದಲ್ಲಿ “ತೇಲುವ ಹೋಟೆಲುಗಳೇ, ತೊಲಗಿ!” ಎಂದು ನಾರ್ವೇಜಿಯನ್ನಿನಲ್ಲಿ ಬರೆದು, ದನದ ಕೊಟ್ಟಿಗೆಯ ಗೋಡೆಗೆ ಕಟ್ಟಿದ್ದಳು. ಹಡಗಿನವರಿಗೆ ಆ ಭಾಷೆ ಬರುವುದಿಲ್ಲ ಎಂದು ಗಂಡ ಯೋಸ್ಟೈನ್ ಒಮ್ಮೆ ಮೆಲ್ಲಗೆ ಹೇಳಿ ನೋಡಿದ. “ಕಲೀಲಿ” ಅಂದಳು.

ಊರಿನವರನ್ನೂ ಅವಳು ಬಿಟ್ಟವಳಲ್ಲ. ಅಂಗಡಿಯಲ್ಲಿ ಗಲ್ಲಾದ ಮೇಲೆ ಕೂರುವ ತೋರುನ್ ಬೇಸಿಗೆಯಲ್ಲಿ ಪ್ರವಾಸಿಗರಿಗೆ ಊರು ತೋರಿಸುವ ಕೆಲಸ ಹಿಡಿದಾಗ, ಎಲ್ಲರೆದುರು, “ನಾಳೆ ಕೇಳಿದ್ರೆ ನಿಮ್ಮಮ್ಮ ಮಲಗೋ ಮಂಚಾನೂ ತೋರಿಸ್ತೀಯೇನೇ?” ಎಂದು ಕೇಳಿ ಅಳಿಸಿದ್ದಳು. ಯೋಸ್ಟೈನ್‌ಗೂ ಒಂದು ಆಸೆಯಿತ್ತು. ಅಂಗಳದಲ್ಲಿ ಎರಡು ಮೇಜು ಹಾಕಿ ಸಿಹಿದೋಸೆಯಂಥ ವಾಫಲ್ ಮಾಡಿ ಮಾರಬೇಕೆಂದು. “ನಾನು ಸತ್ತ ಮೇಲೆ ಹಾಕು” ಎಂದಿದ್ದಳು. ಅವನು ಮತ್ತೆ ಆ ಮಾತು ಎತ್ತಲಿಲ್ಲ.

ಹೀಗಿರುವಾಗ ಬರ್ಗನ್‌ನಲ್ಲಿರುವ ತಂಗಿ ಬೆರಿತ್ ಫೋನು ಮಾಡಿದಳು.

“ಅಕ್ಕಾ, ನಮ್ಮ ಚರ್ಚಿನ ಹಾಡಿನ ಗುಂಪಿನ ಲಾಟರೀಲಿ ಗೆದ್ದುಬಿಟ್ಟೆ ಕಣೇ! ಹಡಗಲ್ಲಿ ಇಬ್ಬರಿಗೆ ಒಂದು ಕೋಣೆ. ಬರ್ತೀಯಾ?”

“ಅದರೊಳಗೆ ಕಾಲಿಡೋಕೆ ಮುಂಚೆ ನನ್ನ ಕಾಲೇ ಮುರೀಲಿ.”

“ಬೆಳಿಗ್ಗೆಯಿಂದ ರಾತ್ರಿವರೆಗೂ ಊಟವಂತೆ. ಸೀಗಡಿ ರಾಶಿ ಹಾಕಿಟ್ಟಿರ್ತಾರಂತೆ, ಎಷ್ಟು ಬೇಕಾದ್ರೂ ಬಡಿಸ್ಕೋಬಹುದು.”

ಓಡ್ನಿ ಫೋನನ್ನು ಇನ್ನೊಂದು ಕಿವಿಗೆ ಒತ್ತಿಕೊಂಡಳು. ಆಮೇಲೆ, “ನಮ್ಮೂರಿಗೆ ಬರತ್ತಾ ಅದು?” ಎಂದು ಕೇಳಿದಳು.

“ಇಲ್ಲ ಮಾರಾಯ್ತಿ. ಹಾಮ್ನೆಸ್‌ಗೆ ಹೋಗಿ, ಅಲ್ಲಿಂದ ಹೊರಗಿನ ದ್ವೀಪಕ್ಕೆ ಹೋಗತ್ತೆ.”

ಶತ್ರುವಿನ ಹೊಟ್ಟೆಯೊಳಗೇ ಹೊಕ್ಕು ನೋಡಿಬಿಡಬೇಕು ಎಂದು ಓಡ್ನಿ ತನಗೆ ತಾನೇ ಹೇಳಿಕೊಂಡಳು. ಸೀಗಡಿಯ ವಿಷಯ ಹೇಳಿಕೊಳ್ಳಲಿಲ್ಲ. ಗಂಡನಿಗೆ, “ಮಂಡಿ ನೋಯ್ತಿದೆ. ಬೆರಿತ್‌ಗೆ ಗೊತ್ತಿರೋ ಡಾಕ್ಟರಿಗೆ ತೋರಿಸಿಕೊಂಡು ಬರ್ತೀನಿ” ಎಂದಳು. ಯೋಸ್ಟೈನ್ ಪದಬಂಧದಿಂದ ತಲೆಯೆತ್ತದೆ, “ಯಾವ ಮಂಡಿ?” ಎಂದ. “ಎಡದ್ದು.” “ಓ” ಎಂದ, ಅಷ್ಟೇ. ಎರಡು ದಿನದಲ್ಲಿ ಓಡ್ನಿಯ ಎಡಮಂಡಿಯ ಸುದ್ದಿ ಊರಿಗೆಲ್ಲ ಮುಟ್ಟಿತು. ನಿಜ ಸಂಗತಿ ಮುಟ್ಟಿದರೆ ಕಥೆ ಮುಗಿದಂತೆ. ಬೈಯುವವಳ ಬಂಡವಾಳವೇ ಅವಳ ಹೆಸರು. ಹಡಗು ಹತ್ತಿದ ಓಡ್ನಿ ಅಂದರೆ ಊರಿನ ಪಾಲಿಗೆ ಮುಂದಿನ ತಲೆಮಾರಿಗೂ ಸಾಲುವಷ್ಟು ನಗು.

ಹಡಗು ಅವಳಿಗೆ ಇಷ್ಟವಾಯಿತು. ಹೇಳಿಕೊಳ್ಳಲಾಗದ ದುಃಖವೆಂದರೆ ಅದೇ. ಸೀಗಡಿಯನ್ನು ಮೂರು ಸಲ ತಟ್ಟೆ ತುಂಬ ಬಡಿಸಿಕೊಂಡಳು. ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆವರೆಗೂ ಮುಳುಗಿ, ಹಣ್ಣು ಸಿಕ್ಕಿಸಿದ ಶರಬತ್ತು ಹೀರಿದಳು. “ಶತ್ರು ಹೇಗಿದಾನೆ ಅಕ್ಕಾ?” ಎಂದು ಬೆರಿತ್ ಕೇಳಿದರೆ, “ಬಾಯಿ ಮುಚ್ಚು, ಗಮನಿಸ್ತಿದೀನಿ” ಎಂದು ಕಣ್ಣು ಮುಚ್ಚಿದಳು.

ಮರುದಿನ ಬೆಳಿಗ್ಗೆ ಹಾಮ್ನೆಸ್. ಎಲ್ಲರಂತೆ ಓಡ್ನಿಯೂ ಹಳದಿ ಮಳೆಕೋಟು ತೊಟ್ಟು ಇಳಿದಳು. ಬೀದಿಯ ಕೊನೆಯಲ್ಲಿ ಹುಲ್ಲಿನ ಮಾಡಿನ ಚೆಂದದ ಮನೆಯೊಂದಿತ್ತು, ಅಂಗಳದ ತುಂಬ ನೀಲಿ ಹೂವು. ಸುಮ್ಮನೆ ಒಂದು ಸಲ ಮೂಸಿ ನೋಡೋಣವೆಂದು ಗೇಟು ತಳ್ಳಿದಳು. ಮೂಸಿದ ಮೇಲೆ ಬೆಂಚು ಕಂಡಿತು, ಕೂತಳು. ಕೂತ ಮೇಲೆ ಕಿಟಕಿ ಕಂಡಿತು. ಒಳಗಿನ ಗಡಿಯಾರ ಎಂಥದ್ದು ನೋಡೋಣವೆಂದು ಗಾಜಿಗೆ ಹಣೆ ಹಚ್ಚಿದಾಗ, ಒಳಗಿನಿಂದ ಕೈಯಲ್ಲಿ ಪಾತ್ರೆ ಒರೆಸುವ ಬಟ್ಟೆ ಹಿಡಿದ ಮುದುಕಿಯೊಬ್ಬಳು ಅವಳನ್ನೇ ದುರುಗುಟ್ಟಿ ನೋಡುತ್ತಿದ್ದಳು. ಓಡ್ನಿ ಏನು ಮಾಡಿದಳು ಗೊತ್ತೇ? ಹಲ್ಲು ಕಿರಿದು, ಕೈ ಬೀಸಿದಳು. ಥೇಟ್ ಆ ಪ್ರವಾಸಿಗರ ಹಾಗೆಯೇ! ಗೇಟು ದಾಟಿ ಬಂದ ಮೇಲೆ ಮುಖ ಕೆಂಪಗಾಯಿತು. “ಗೇಟಿಗೆ ಚಿಲಕ ಹಾಕ್ಕೋಬೇಕಪ್ಪ ಜನ” ಎಂದು ತಂಗಿಗೆ ಗೊಣಗಿದಳು.

ಹಡಗು ಅಲ್ಲಿಂದ ಹೊರಟು ಸ್ವಲ್ಪ ಹೊತ್ತಿಗೆ ಕ್ಯಾಪ್ಟನ್ನನ ದನಿ ಕೇಳಿತು. ಹೊರಗಡೆ ಗಾಳಿ ಜೋರಾಗಿದೆ, ದ್ವೀಪಕ್ಕೆ ಹೋಗಲಾಗದು, ಅದರ ಬದಲು ಒಳಗಿನ ಒಂದು ಮುದ್ದಾದ ಹಳ್ಳಿಗೆ ಹೋಗುತ್ತೇವೆ, ಅಲ್ಲಿಗೆ ಬೆಳಿಗ್ಗೆಯೇ ಸುದ್ದಿ ಮುಟ್ಟಿಸಿದ್ದೇವೆ, ಹೆಸರು ಸ್ಕಾರ್ವಿಕ್.

ಓಡ್ನಿ ಕೋಣೆಗೆ ಓಡಿದಳು. “ನಾನು ಕೋಣೆ ಬಿಟ್ಟು ಕದಲಲ್ಲ” ಎಂದು ಹೊದಿಕೆ ಎಳೆದುಕೊಂಡಳು. ಆದರೆ ಹಡಗು ಫ್ಯೋರ್ಡಿನೊಳಗೆ ತಿರುಗಿದಾಗ ಎದ್ದು ಕಿಟಕಿಗೆ ಬರದಿರಲು ಆಗಲಿಲ್ಲ. ಅಷ್ಟು ಎತ್ತರದಿಂದ ಅವಳು ತನ್ನ ಮನೆಯನ್ನು ಎಂದೂ ನೋಡಿರಲಿಲ್ಲ. ಬೆಂಕಿಪೆಟ್ಟಿಗೆಯಷ್ಟಿತ್ತು. ಮತ್ತೆ, ಅಂಗಳದ ಕಂಬದಲ್ಲಿ ಬಾವುಟ ಹಾರುತ್ತಿತ್ತು.

ಬಾವುಟ! ಹುಟ್ಟುಹಬ್ಬಕ್ಕೆ, ಮದುವೆಗೆ, ದೇಶದ ಹಬ್ಬಕ್ಕೆ ಏರಿಸುವ ಬಾವುಟ. ಇವತ್ತು ಯಾವ ಹಬ್ಬವೂ ಇಲ್ಲ. ಕೊಟ್ಟಿಗೆಯ ಗೋಡೆಯ ಮೇಲೆ ಬ್ಯಾನರೂ ಇಲ್ಲ.

“ನನ್ನ ಮನೇಲಿ, ನಾನಿಲ್ದೆ ಅದ್ಯಾವ ಹಬ್ಬ ನಡೀತಿದೆ?” ಎಂದು ಓಡ್ನಿ ಮಳೆಕೋಟಿನ ಟೊಪ್ಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡಳು. ತಂಗಿಯ ಕಪ್ಪು ಕನ್ನಡಕ ಕಿತ್ತು ಹಾಕಿಕೊಂಡಳು. ಅದರ ಮೇಲೆ ಮೂಗಿನವರೆಗೆ ಮಫ್ಲರು. ಇನ್ನು ಹೆತ್ತ ತಾಯಿಯೇ ಬಂದರೂ ಗುರುತು ಹಿಡಿಯಲಾರಳು ಎಂದು ಅವಳಿಗೆ ಧೈರ್ಯ ಬಂತು. ಆದರೆ ನಡೆಯುವಾಗ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಊರೆಲ್ಲ ತನಿಖೆ ಮಾಡುವವಳಂತೆ ನಡೆಯುವುದು ಓಡ್ನಿಯ ಅಭ್ಯಾಸ. ಕೈಗೆ ಮಫ್ಲರು ಕಟ್ಟಲು ಅವಳಿಗೆ ಹೊಳೆಯಲಿಲ್ಲ.

ದಡದಲ್ಲಿ ತೋರುನ್ ಛತ್ರಿ ಎತ್ತಿ ಹಿಡಿದು ನಿಂತಿದ್ದಳು. ಗುಂಪನ್ನು ಚರ್ಚಿಗೂ ಕರೆದೊಯ್ಯಲಿಲ್ಲ, ದೋಣಿಮನೆಗೂ ಕರೆದೊಯ್ಯಲಿಲ್ಲ. ಸೀದಾ ಓಡ್ನಿಯ ಮನೆಯ ಬೇಲಿಗೆ ತಂದು ನಿಲ್ಲಿಸಿದಳು.

“ನೋಡಿ, ನಮ್ಮೂರಿನ ಹೆಸರುವಾಸಿ ಮನೆ ಇದೇ” ಎಂದು ಇಂಗ್ಲಿಷಿನಲ್ಲಿ ಶುರುಮಾಡಿದಳು. “ಇಡೀ ನಾರ್ವೆಗೇ ಅತಿ ಸಿಟ್ಟಿನ ಹೆಂಗಸು ಇರೋದು ಇಲ್ಲಿ. ಹಡಗು ಬಂದ್ರೆ ಸಾಕು, ಪೊರಕೆ ಹಿಡ್ಕೊಂಡು ಹೊರಗೆ ಬರ್ತಾಳೆ. ಜನಕ್ಕೆ ಜಲಪಾತಕ್ಕಿಂತ ಇವಳೇ ಇಷ್ಟ.”

“ಹೌದ್ರೀ!” ಎಂದ ಟೋಪಿ ಹಾಕಿದ ಒಬ್ಬ ಅಮೆರಿಕದವನು. “ನಮ್ಮತ್ತಿಗೆ ಹೋದ ವರ್ಷ ಪೊರಕೆ ಏಟು ತಿಂದ ವಿಡಿಯೋ ತೋರಿಸಿದ್ಲು. ಮನೆಮಂದಿ ಎಲ್ಲ ಬಿದ್ದು ಬಿದ್ದು ನಕ್ಕಿದ್ವಿ. ಎಲ್ಲಿ, ಕರೀರಿ ಅವಳನ್ನ!”

“ನಿಮ್ಮ ಅದೃಷ್ಟ ಸರಿ ಇಲ್ಲ. ಮಂಡಿ ನೋವಂತ ಬರ್ಗನ್‌ಗೆ ಹೋಗಿದಾಳೆ. ಪಾಪ.” ಪಾಪ ಅನ್ನುವಾಗ ತೋರುನ್‌ಳ ಕಣ್ಣು ಗುಂಪಿನ ಕೊನೆಯ ಸಾಲಿನ ಮೇಲೆ ಒಂದು ಗಳಿಗೆ ನಿಂತು ಮುಂದೆ ಹೋಯಿತು.

ಓಡ್ನಿ ಮಫ್ಲರನ್ನು ಇನ್ನಷ್ಟು ಮೇಲಕ್ಕೆಳೆದುಕೊಂಡಳು. ಇಷ್ಟು ವರ್ಷ ಗಂಟಲು ಹರಿದುಕೊಂಡು ಓಡಿಸುತ್ತಿದ್ದೇನೆ ಅಂದುಕೊಂಡಿದ್ದಳು. ಅವರು ಬರುತ್ತಿದ್ದದ್ದೇ ಆ ಗಂಟಲು ಕೇಳಲು. ಜಲಪಾತ, ಹಿಮನದಿ, ಓಡ್ನಿ! ನಾಚಿಕೆಯಿಂದ ಅವಳ ಕಿವಿ ಸುಟ್ಟುಹೋಯಿತು.

ಅಂಗಳದಲ್ಲಿ ಜಾತ್ರೆಯೇ ನೆರೆದಿತ್ತು. ಮೇಜು ಎರಡಲ್ಲ, ಆರು. ಮೇಲೆ ಮಳೆಗೆ ಚಪ್ಪರ. ಆ ಚಪ್ಪರ ಯಾವುದು? ಓಡ್ನಿಯ ಬ್ಯಾನರು! “ತೊಲಗಿ” ಎಂಬ ಕೆಂಪಕ್ಷರದ ಕೆಳಗೆ ಕೂತು ಜನ ಕೆನೆ ನೆಕ್ಕುತ್ತಿದ್ದರು. ಜರ್ಮನಿಯ ಹೆಂಗಸೊಬ್ಬಳು ಮೇಲೆ ಕೈ ತೋರಿಸಿ ಅದೇನು ಬರೆದಿದೆ ಎಂದು ಕೇಳಿದಳು. “ಸುಸ್ವಾಗತ ಅಂತ” ಎಂದ ಯೋಸ್ಟೈನ್, ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ.

ಅವನು ನಗುತ್ತಿದ್ದ. ಓಡ್ನಿ ನಿಂತು ನೋಡಿದಳು. ಪದಬಂಧದಿಂದ ತಲೆಯೆತ್ತದ ಮನುಷ್ಯ ಮೇಜಿನಿಂದ ಮೇಜಿಗೆ ಹಾರುತ್ತ, ಅಜ್ಜಿಯರನ್ನು ರೇಗಿಸುತ್ತ, ಹಲ್ಲೆಲ್ಲ ಕಾಣುವ ಹಾಗೆ ನಗುತ್ತಿದ್ದ. ಸರದಿಯಲ್ಲಿ ನಿಂತು ಅವನ ಮುಂದೆ ಬರುವ ಹೊತ್ತಿಗೆ ಅವಳ ಸಿಟ್ಟೆಲ್ಲ ಎಲ್ಲೋ ಸೋರಿಹೋಗಿತ್ತು.

“ಎಲ್ಲಿಂದ ಬಂದ್ರಿ ಮೇಡಂ?” ಎಂದ ಯೋಸ್ಟೈನ್ ಇಂಗ್ಲಿಷಿನಲ್ಲಿ. ಮದುವೆಯಾದಾಗಿನಿಂದ ಅವಳು ಅವನ ಬಾಯಲ್ಲಿ ಮೇಡಂ ಅನ್ನಿಸಿಕೊಂಡಿದ್ದು ಇದೇ ಮೊದಲು.

“ಹಾಲೆಂಡ್” ಎಂದಳು, ದನಿ ದಪ್ಪ ಮಾಡಿ. ಪಕ್ಕದಲ್ಲಿ ಬೆರಿತ್ ಕೆಮ್ಮಿದಳು.

“ಪುಣ್ಯ ಮಾಡಿದೀರಿ. ನನ್ನ ಹೆಂಡ್ತಿ ಇದ್ದಿದ್ರೆ ವಾಫಲ್ ಬದಲು ಪೊರಕೆ ಸಿಗ್ತಿತ್ತು.”

“ಅಷ್ಟು ಕೆಟ್ಟವಳಾ?”

“ಕೆಟ್ಟವಳಲ್ಲ ಮೇಡಂ. ಅವಳು ಹೇಳೋದೆಲ್ಲ ಸರಿಯಾಗೇ ಇರತ್ತೆ. ಕಷ್ಟ ಅದೇ. ಯಾವಾಗ್ಲೂ ಸರಿಯಾಗಿರೋರ ಜೊತೆ ಬಾಳ್ತಿದ್ರೆ, ತಪ್ಪು ಮಾಡೋರು ಒಬ್ಬರಾದ್ರೂ ಮನೆಗೆ ಬರ್ಲಪ್ಪ ಅನ್ಸತ್ತೆ.”

ಓಡ್ನಿಗೆ ಅಳು ಬಂತು. ಕನ್ನಡಕ ಇದ್ದದ್ದು ಒಳ್ಳೆಯದಾಯಿತು. ಕೊಟ್ಟದ್ದನ್ನು ತೆಗೆದುಕೊಂಡು, ಮಫ್ಲರು ಸರಿಸಿ, ಗೋಡೆಗೆ ಮುಖ ಮಾಡಿ ನಿಂತು ತಿಂದಳು. ಅವಳ ಅಮ್ಮನ ಕಾವಲಿಯಲ್ಲಿ ಬೇಯಿಸಿದ್ದು. ಚೆನ್ನಾಗಿಯೇ ಮಾಡಿದ್ದ, ಹಾಳಾದವನು.

ಹಡಗಿಗೆ ವಾಪಸು ಹೋಗುವ ದೋಣಿಯಲ್ಲಿ ಬೆರಿತ್ ನಗು ತಡೆಯಲಾರದೆ ಕೂತಿದ್ದಳು. ಕೊನೆಗೆ ಕೇಳಿದಳು: “ಅಕ್ಕಾ, ಅಲ್ಲಿ ಎಲ್ಲರಿಗೂ ಜಾಮು, ಕೆನೆ ಹಾಕಿ ಕೊಟ್ಟ. ನಿಂಗೆ ಮಾತ್ರ ಅಂಚು ಸೀಯಿಸಿ, ಆಡಿನ ಚೀಸು ಇಟ್ಟು ಕೊಟ್ಟನಲ್ಲ, ನೀನೇನಾದ್ರೂ ಕೇಳಿದ್ಯಾ?”

ಓಡ್ನಿ ಕೇಳಿರಲಿಲ್ಲ. ಅಂಚು ಸೀದ, ಆಡಿನ ಚೀಸಿನ ವಾಫಲನ್ನು ಅವಳು ಹುಡುಗಿಯಾಗಿದ್ದಾಗಿನಿಂದ ತಿನ್ನುತ್ತಿದ್ದಳು.

ಎರಡು ದಿನ ಬಿಟ್ಟು ಮನೆಗೆ ಬಂದಾಗ ಬ್ಯಾನರು ಗೋಡೆಯ ಮೇಲೆಯೇ ಇತ್ತು, ಮೂಲೆಯಲ್ಲೊಂದು ಜಾಮಿನ ಕಲೆ. ಯೋಸ್ಟೈನ್ ಪದಬಂಧ ತುಂಬುತ್ತಿದ್ದ.

“ಮಂಡಿ ಹೇಗಿದೆ?”

“ವಾಸಿ.”

“ಎಡದ್ದಾ?”

“ಎರಡೂ.” ಸ್ವಲ್ಪ ತಡೆದು, “ಚಪ್ಪರಕ್ಕೆ ಆ ಬಟ್ಟೆ ಸಾಲದು. ನೀರು ಸೋರತ್ತೆ” ಎಂದಳು.

ಯೋಸ್ಟೈನ್ ಪೆನ್ಸಿಲ್ ನಿಲ್ಲಿಸಿದ. ಕಿಟಕಿಯಾಚೆ ನೋಡಿ, “ಗಾಳಿ ತಿರುಗಿತು ನೋಡು” ಎಂದ.

ಗಂಡನ ಜೊತೆ ಅಷ್ಟಕ್ಕೇ ಮುಗಿಯಿತು. ಊರಿನ ಜೊತೆ ಮುಗಿಯಲಿಲ್ಲ. ಯಾರೂ ನಗಲಿಲ್ಲ, ಯಾರೂ ಹಡಗಿನ ಹೆಸರೆತ್ತಲಿಲ್ಲ. ಅಂಚೆಯವನು ಮಂಡಿ ಹೇಗಿದೆ ಎಂದ. ಪಾದ್ರಿ, ಪೂಜೆ ಮುಗಿಸಿ ಕೈ ಕುಲುಕುವಾಗ, ಮಂಡಿ ಹೇಗಿದೆ ಎಂದರು. ಅಂಗಡಿಯಲ್ಲಿ ತೋರುನ್ ಅವಳ ಆಲೂಗಡ್ಡೆ ತೂಗುತ್ತ, “ಸಮುದ್ರದ ಗಾಳಿ ಮಂಡಿಗೆ ತುಂಬ ಒಳ್ಳೇದಂತೆ, ಓಡ್ನಿ” ಎಂದು ಜೇನು ಸುರಿಸಿದಳು. ಹಿಂದೆ ನಿಂತ ಸಾಲು ಪೂರ್ತಿ ಮೇಲಿನ ಹಲಗೆಯ ಸೋಪಿನ ಡಬ್ಬಿಗಳನ್ನು ಓದತೊಡಗಿತು. ಎಲ್ಲರಿಗೂ ಗೊತ್ತಿತ್ತು. ಎದುರಿಗೆ ನಕ್ಕಿದ್ದರೆ ಓಡ್ನಿ ನಾಲ್ಕು ಮಾತು ಬಿಗಿದು ಗೆದ್ದುಬಿಡುತ್ತಿದ್ದಳು. ಈ ಮರ್ಯಾದೆಗೆ ಅವಳಲ್ಲಿ ಮದ್ದಿರಲಿಲ್ಲ. ಜೀವನದಲ್ಲಿ ಮೊದಲ ಸಲ ಆಲೂಗಡ್ಡೆ ಹೊತ್ತುಕೊಂಡು ಬಾಯಿ ಮುಚ್ಚಿ ಮನೆಗೆ ಬಂದಳು.

ಮುಂದಿನ ಹಡಗು ಬಂತು. ಹಳದಿ ಕೋಟಿನ ಮಂದಿಯನ್ನು ಕರೆದುಕೊಂಡು ತೋರುನ್ ಬೇಲಿಯ ಬಳಿ ನಿಂತಳು. ಎಲ್ಲರ ಫೋನುಗಳೂ ಮೇಲೆದ್ದವು. ಬಾಗಿಲು ತೆರೆಯಿತು, ಓಡ್ನಿ ಹೊರಗೆ ಬಂದಳು.

ಕೈಯಲ್ಲಿ ಪೊರಕೆಯಿರಲಿಲ್ಲ, ಕಾಲುಚೀಲದ ಹೆಣಿಗೆಯಿತ್ತು. ಬೆಂಚಿನ ಮೇಲೆ ಕೂತು, ಎಲ್ಲರನ್ನೂ ನೋಡಿ ನಕ್ಕು, ಹೆಣೆಯತೊಡಗಿದಳು. ಒಬ್ಬ ಬೇಕೆಂದೇ ಹೂವಿನ ಪಾತಿಗೆ ಕಾಲಿಟ್ಟ. ಅವಳು ತನ್ನ ಕಾಲು ಮಡಿಸಿ ಜಾಗ ಬಿಟ್ಟಳು. ಒಬ್ಬಳು ಕಿಟಕಿಗೆ ಮೂಗು ಒತ್ತಿದಳು. “ಗಾಜು ತಣ್ಣಗಿದೆ ತಾಯಿ, ಒಳಗೇ ಹೋಗಿ ನೋಡಿ. ಗಡಿಯಾರ ಬಲಗಡೆ ಗೋಡೇಲಿದೆ” ಎಂದಳು ಓಡ್ನಿ. ಆ ಹೆಂಗಸು ಹೆದರಿ ಹಿಂದೆ ಸರಿದಳು. ಪಾತಿಯಲ್ಲಿದ್ದವನು ಕೂಡ ಮೆಲ್ಲಗೆ ಕಾಲು ತೆಗೆದು, ಬೂಟಿನ ಮಣ್ಣನ್ನು ಬೇಲಿಗೆ ಒರೆಸಿಕೊಂಡ.

“ಇವಳೇನಾ?” ಎಂದು ಯಾರೋ ಮುಖ ಸಿಂಡರಿಸಿದರು. “ನಮ್ಮಜ್ಜಿಯೂ ಹೀಗೇ ಕೂರ್ತಾಳೆ. ಇದನ್ನ ನೋಡೋಕೆ ಇಲ್ಲಿಗೆ ಬರ್ಬೇಕಿತ್ತಾ?” ಫೋನುಗಳು ಒಂದೊಂದಾಗಿ ಜೇಬಿಗೆ ಇಳಿದವು. ಗುಂಪು ದೋಣಿಯ ಕಡೆ ತಿರುಗಿತು.

ತೋರುನ್ ಛತ್ರಿ ಮಡಿಸಿ, ಗೇಟು ದಾಟಿ, ಬೆಂಚಿನ ಹತ್ತಿರ ಬಗ್ಗಿದಳು. “ಓಡ್ನಿ, ಮಾರಾಯ್ತಿ, ನನ್ನ ಮರ್ಯಾದೆ ಉಳಿಸೇ. ಒಂದೇ ಒಂದ್ಸಲ ಬೈಯೇ. ನನ್ನನ್ನೇ ಬೈಯಿ ಬೇಕಾದ್ರೆ. ಅವತ್ತು ಅಂಗಡೀಲಿ ನಮ್ಮಮ್ಮನ ಮಂಚ ಅಂದ್ಯಲ್ಲ, ಅದನ್ನೇ ಅನ್ನು, ಪರವಾಗಿಲ್ಲ.”

ಓಡ್ನಿ ಸೂಜಿಯಿಂದ ಕಣ್ಣೆತ್ತಲಿಲ್ಲ.

“ಬೈಬೇಕು ಅಂದ್ರೆ ಎದ್ದು ನಿಲ್ಬೇಕಲ್ಲ ತೋರುನ್” ಎಂದಳು. “ಮಂಡಿ ನೋವು ಕಣೇ. ನಿಂಗೇ ಗೊತ್ತಲ್ಲ.”