ಅತ್ತೆಯ ಕೈಗೆ ಒಂದು ಕಿರುಬೆರಳು

“ಇದು ಸ್ವಲ್ಪ ದಪ್ಪ ಆಯಿತು ಮಾರಾಯ್ತಿ!” ಕಣ್ಣು ಮುಚ್ಚಿಕೊಂಡೇ ಅತ್ತೆ ಹೇಳಿದರು. ಅವರು ಬೀಡಿಯ ಹಾಗೆ ಸುರುಟುತ್ತಿದ್ದದ್ದು ನನ್ನ ಕಿರುಬೆರಳನ್ನು.

ಬೆಳ್ತಂಗಡಿಯ ನಮ್ಮ ಅತ್ತೆ ಸಣ್ಣ ಪ್ರಾಯದಿಂದಲೂ ಬೀಡಿ ಕಟ್ಟಿದವರು. ಕೆಮ್ಮು ಜೋರಾದಾಗ ಡಾಕ್ಟ್ರು ಹೊಗೆಸೊಪ್ಪು ಮುಟ್ಟಬಾರದು ಎಂದರು. ಬೀಡಿ ಕಟ್ಟುವ ಗೆರಸೆ, ಕತ್ತರಿ, ನೂಲು ಎಲ್ಲವನ್ನೂ ನಾನೇ ಅಟ್ಟಕ್ಕೆ ಹಾಕಿದೆ. ಕೆಮ್ಮು ಹೋಯಿತು, ಜೊತೆಗೆ ನಿದ್ದೆಯೂ ಹೋಯಿತು. ತಲೆಗೆ ಎಣ್ಣೆ ಹಚ್ಚಿದೆ, ಬಿಸಿ ಹಾಲು ಕೊಟ್ಟೆ, ಹಗಲು ಮಲಗಬೇಡಿ ಎಂದು ಗದರಿಸಿಯೂ ನೋಡಿದೆ. ಏನೂ ಪ್ರಯೋಜನ ಆಗಲಿಲ್ಲ.

ಕೊನೆಗೆ ಒಂದು ರಾತ್ರಿ ಅವರ ಪಕ್ಕದಲ್ಲೇ ಚಾಪೆ ಹಾಸಿ ಮಲಗಿದೆ. ನೋಡಿದರೆ, ಹೊದಿಕೆಯ ಮೇಲೆ ಅವರ ಬೆರಳುಗಳು ಇಲ್ಲದ ಎಲೆಯನ್ನು ಸುರುಟುತ್ತಿದ್ದವು, ಇಲ್ಲದ ನೂಲು ಕಟ್ಟುತ್ತಿದ್ದವು. ಪಾಪ ಅನಿಸಿ ಕೈ ಹಿಡಿದುಕೊಳ್ಳಲು ಹೋದೆ. ಅವರು ನನ್ನ ಕಿರುಬೆರಳನ್ನೇ ಹಿಡಿದು ಸುರುಟಿದರು, ಉಗುರಿನಿಂದ ತುದಿ ಒತ್ತಿದರು, ಇಲ್ಲದ ನೂಲು ಸುತ್ತಿದರು. ಮೇಲಿಂದ ದಪ್ಪ ಆಯಿತೆಂದು ಆಕ್ಷೇಪ ಬೇರೆ! ಅದು ತಮಾಷೆಯೋ, ನಿದ್ದೆಗಣ್ಣೋ, ನನಗೆ ಇವತ್ತಿಗೂ ಗೊತ್ತಿಲ್ಲ.

“ಇರಲಿ ಅತ್ತೆ, ಇನ್ನೊಂದು ಕಟ್ಟಿ,” ಎಂದೆ. ಕಟ್ಟುತ್ತಾ ಕಟ್ಟುತ್ತಾ ಅವರ ಕೈ ನಿಧಾನವಾಯಿತು. ಆಮೇಲೆ ಸಣ್ಣಗೆ ಗೊರಕೆ ಕೇಳಿಸಿತು.

ಈಗ ದಿನಾ ಹೀಗೆಯೇ ಮಲಗುತ್ತೇವೆ. ಮೊನ್ನೆ ಮೂಡುಬಿದಿರೆಯ ತವರುಮನೆಗೆ ಹೋಗಿದ್ದೆ. ಎಷ್ಟು ಹೊರಳಾಡಿದರೂ ನನಗೇ ನಿದ್ದೆ ಬರಲಿಲ್ಲ. ನೋಡಿದರೆ, ನನ್ನ ಕಿರುಬೆರಳು ಹೊದಿಕೆಯಿಂದ ಹೊರಗೆ ಬಂದು ಕಾಯುತ್ತಿತ್ತು.